ವಿಮಾನ ತಡವಾದರೆ, ರದ್ದಾದರೆ ಪರಿಹಾರ ಪಡೆಯುವುದು ಹೇಗೆ?

ವಿಮಾನ ತಡವಾಯಿತು ಎಂಬ ಒಂದೇ ಕಾರಣಕ್ಕೆ ಭಾರತದೊಳಗಿನ ಪ್ರಯಾಣದಲ್ಲಿ ನಗದು ಪರಿಹಾರ ಸಿಗುವುದಿಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಐದು ಗಂಟೆ ಕಾದು ರೋಸಿಹೋದ ಪ್ರಯಾಣಿಕರು ಯುರೋಪಿನ ನಿಯಮಗಳನ್ನು ಎಲ್ಲೋ ಓದಿಕೊಂಡು, ಇಲ್ಲಿನ ಕಂಪನಿಗೆ ಸಾವಿರಾರು ರೂಪಾಯಿ ಕೇಳಿ ಪತ್ರ ಬರೆಯುತ್ತಾರೆ, ಆಗುವುದಿಲ್ಲ ಎಂಬ ಉತ್ತರ ಬಂದ ಕೂಡಲೇ ಕೈಚೆಲ್ಲುತ್ತಾರೆ. ಅದೇ ಹೊತ್ತಿನಲ್ಲಿ ತಮಗೆ ನಿಜವಾಗಿ ಸಲ್ಲಬೇಕಾಗಿದ್ದ ಊಟವನ್ನು, ಹೋಟೆಲ್ ಕೊಠಡಿಯನ್ನು, ಟಿಕೆಟ್ಟಿನ ಪೂರ್ತಿ ಹಣವನ್ನು ಕೇಳದೆಯೇ ಬಿಟ್ಟಿರುತ್ತಾರೆ. ಪರಿಹಾರ ಪಡೆಯುವ ಕೆಲಸದಲ್ಲಿ ಅರ್ಧ ಭಾಗ ನಮ್ಮ ಪ್ರಕರಣ ಯಾವ ವರ್ಗಕ್ಕೆ ಸೇರುತ್ತದೆ ಎಂಬುದನ್ನು ಗುರುತಿಸುವುದರಲ್ಲಿಯೇ ಮುಗಿಯುತ್ತದೆ.

ಭಾರತದಲ್ಲಿ ಈ ವಿಷಯವನ್ನು ನಿಯಂತ್ರಿಸುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ. ಅದು 2010ರ ಆಗಸ್ಟ್‌ನಲ್ಲಿ ಹೊರಡಿಸಿ, ನಂತರ ಹಲವು ಬಾರಿ ಪರಿಷ್ಕರಿಸಿದ ನಿಯಮಾವಳಿಗೆ ‘ಸಿಎಆರ್ ವಿಭಾಗ 3, ಸರಣಿ ಎಂ, ಭಾಗ 4’ ಎಂಬ ಹೆಸರಿದೆ. ಹೆಸರು ಒರಟಾಗಿದ್ದರೂ ಅದನ್ನು ಬರೆದಿಟ್ಟುಕೊಳ್ಳಿ. ದೂರಿನ ಪತ್ರದಲ್ಲಿ ಈ ಒಂದು ಸಾಲು ಇದ್ದರೆ, ಪತ್ರ ಬರೆದವರಿಗೆ ನಿಯಮ ಗೊತ್ತಿದೆ ಎಂಬುದು ಓದುವವರಿಗೆ ತಿಳಿಯುತ್ತದೆ, ‘ತಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ’ ಎಂಬ ಸಿದ್ಧ ಉತ್ತರ ಕಳಿಸಿ ಕೈತೊಳೆದುಕೊಳ್ಳುವುದು ಅವರಿಗೆ ಕಷ್ಟವಾಗುತ್ತದೆ. ಈ ನಿಯಮಾವಳಿ ಮೂರು ಸಂದರ್ಭಗಳನ್ನು ಬೇರೆ ಬೇರೆಯಾಗಿ ನೋಡುತ್ತದೆ: ವಿಮಾನ ತಡವಾಗುವುದು, ವಿಮಾನ ರದ್ದಾಗುವುದು, ಮತ್ತು ಖಚಿತ ಟಿಕೆಟ್ ಇದ್ದರೂ ಸೀಟು ತುಂಬಿದೆಯೆಂದು ಪ್ರಯಾಣಿಕರನ್ನು ಹತ್ತಿಸಿಕೊಳ್ಳದಿರುವುದು.

ತಡವಾದಾಗ ಕೇಳಬೇಕಾದದ್ದು

ನೀವು ಸಮಯಕ್ಕೆ ಸರಿಯಾಗಿ ಚೆಕ್-ಇನ್ ಮಾಡಿದ್ದರೆ, ಹಾರಾಟದ ನಿಗದಿತ ಅವಧಿ ಎರಡೂವರೆ ಗಂಟೆಯೊಳಗಿರುವ ವಿಮಾನ ಎರಡು ಗಂಟೆ ತಡವಾದಾಗ ಕಂಪನಿಯು ಊಟ ಮತ್ತು ಲಘು ಉಪಾಹಾರ ಒದಗಿಸಬೇಕು. ಬೆಂಗಳೂರಿನಿಂದ ಮಂಗಳೂರು, ಹುಬ್ಬಳ್ಳಿ, ಹೈದರಾಬಾದ್, ಮುಂಬೈಗೆ ಹೋಗುವ ವಿಮಾನಗಳೆಲ್ಲ ಈ ಗುಂಪಿನವು. ಅವಧಿ ಎರಡೂವರೆಯಿಂದ ಐದು ಗಂಟೆಯ ನಡುವೆ ಇದ್ದರೆ, ಉದಾಹರಣೆಗೆ ಬೆಂಗಳೂರು–ದೆಹಲಿ, ಮೂರು ಗಂಟೆ ತಡವಾದ ಮೇಲೆ ಈ ಹಕ್ಕು ಹುಟ್ಟುತ್ತದೆ. ಅದಕ್ಕಿಂತ ದೀರ್ಘವಾದ ಹಾರಾಟಗಳಿಗೆ ನಾಲ್ಕು ಗಂಟೆ.

ಆರು ಗಂಟೆಯ ಗೆರೆ ಇದಕ್ಕಿಂತ ಮುಖ್ಯವಾದದ್ದು. ದೇಶೀಯ ವಿಮಾನ ಆರು ಗಂಟೆಗಿಂತ ಹೆಚ್ಚು ತಡವಾಗುವುದಿದ್ದರೆ ಹೊಸ ಸಮಯವನ್ನು ಮೂಲ ಸಮಯಕ್ಕೆ 24 ಗಂಟೆ ಮೊದಲೇ ತಿಳಿಸಬೇಕು, ಮತ್ತು ಆರು ಗಂಟೆಯೊಳಗೆ ಹೊರಡುವ ಬೇರೆ ವಿಮಾನ ಅಥವಾ ಟಿಕೆಟ್ಟಿನ ಪೂರ್ತಿ ಹಣ ಎಂಬ ಎರಡು ಆಯ್ಕೆಗಳನ್ನು ಪ್ರಯಾಣಿಕರ ಮುಂದಿಡಬೇಕು. 24 ಗಂಟೆಗಿಂತ ಹೆಚ್ಚು ತಡವಾದರೆ, ಇಲ್ಲವೇ ರಾತ್ರಿ 8ರಿಂದ ಬೆಳಗಿನ ಜಾವ 3ರ ನಡುವೆ ಹೊರಡಬೇಕಿದ್ದ ವಿಮಾನ ಆರು ಗಂಟೆಗಿಂತ ಹೆಚ್ಚು ತಡವಾದರೆ, ಹೋಟೆಲ್ ವಸತಿ ಮತ್ತು ಅಲ್ಲಿಗೆ ಹೋಗಿಬರುವ ವಾಹನ ಎರಡೂ ಉಚಿತವಾಗಿ ಸಿಗಬೇಕು. ರಾತ್ರಿಯಿಡೀ ದೇವನಹಳ್ಳಿಯ ಕುರ್ಚಿಗಳಲ್ಲಿ ಮಕ್ಕಳನ್ನು ಮಲಗಿಸಿಕೊಂಡು ಕೂತವರಲ್ಲಿ ಈ ಹಕ್ಕನ್ನು ಕೇಳಿದವರು ಎಷ್ಟು ಮಂದಿ ಇರಬಹುದು ಎಂದು ನನಗೆ ಆಗಾಗ ಅನ್ನಿಸುತ್ತದೆ. ಕೇಳದೆ ಇದು ತಾನಾಗಿ ಬರುವುದು ಅಪರೂಪ.

ಇಲ್ಲಿ ಒಂದು ಎಚ್ಚರಿಕೆ. ತಡ ಎಂಬುದು ಒಂದೇ ಬಾರಿಗೆ ಆರು ಗಂಟೆಯೆಂದು ಘೋಷಣೆಯಾಗುವುದು ಕಡಿಮೆ. ಮೊದಲು 45 ನಿಮಿಷ, ಬಳಿಕ ಇನ್ನೊಂದು ಗಂಟೆ, ಮತ್ತೆ ಒಂದೂವರೆ ಗಂಟೆ ಎಂದು ಕಂತುಕಂತಾಗಿ ಮುಂದೂಡಲ್ಪಡುತ್ತದೆ. ಪ್ರತಿ ಎಸ್ಎಂಎಸ್ಸನ್ನೂ ಅಳಿಸದೆ ಉಳಿಸಿಕೊಳ್ಳಿ ಮತ್ತು ಲೆಕ್ಕವನ್ನು ಯಾವಾಗಲೂ ಟಿಕೆಟ್ಟಿನಲ್ಲಿರುವ ಮೂಲ ಸಮಯದಿಂದಲೇ ಹಾಕಿ.

ರದ್ದಾದಾಗ: ಹಣ ಎಷ್ಟು, ಯಾರಿಗೆ

ರದ್ದತಿಯ ವಿಷಯದಲ್ಲಿ ಎಲ್ಲವೂ ನಿಂತಿರುವುದು ಕಂಪನಿಯು ನಿಮಗೆ ಎಷ್ಟು ಮುಂಚೆ ತಿಳಿಸಿತು ಎಂಬುದರ ಮೇಲೆ. ಎರಡು ವಾರ ಮೊದಲೇ ತಿಳಿಸಿ ಬೇರೆ ವಿಮಾನ ಅಥವಾ ಹಣ ವಾಪಸಾತಿಯ ಆಯ್ಕೆ ಕೊಟ್ಟಿದ್ದರೆ ಪರಿಹಾರದ ಪ್ರಶ್ನೆ ಬರುವುದಿಲ್ಲ. ಎರಡು ವಾರಕ್ಕಿಂತ ಕಡಿಮೆ, ಆದರೆ 24 ಗಂಟೆಗೆ ಮೊದಲು ತಿಳಿಸಿದ್ದರೆ, ಮೂಲ ಸಮಯದಿಂದ ಎರಡು ಗಂಟೆಯೊಳಗೆ ಹೊರಡುವ ಬೇರೆ ವಿಮಾನವನ್ನು ಅಥವಾ ನೀವು ಒಪ್ಪುವಂತೆ ಹಣ ವಾಪಸಾತಿಯನ್ನು ಕೊಡಬೇಕು. ಹೀಗೆ ತಿಳಿಸದೆ ರದ್ದು ಮಾಡಿದರೆ, ಅಥವಾ ಒಂದೇ ಟಿಕೆಟ್ಟಿನಲ್ಲಿರುವ ಮುಂದಿನ ವಿಮಾನ ಅವರ ಕಾರಣದಿಂದ ತಪ್ಪಿದರೆ, ಪರಿಹಾರದ ಬಾಧ್ಯತೆ ಹುಟ್ಟುತ್ತದೆ.

ಮೊತ್ತ ಹಾರಾಟದ ಅವಧಿಯನ್ನು ಅವಲಂಬಿಸಿದೆ: ಒಂದು ಗಂಟೆಯವರೆಗಿನ ಹಾರಾಟಕ್ಕೆ 5,000 ರೂಪಾಯಿ, ಒಂದರಿಂದ ಎರಡು ಗಂಟೆಯದಕ್ಕೆ 7,500 ರೂಪಾಯಿ, ಎರಡು ಗಂಟೆ ಮೀರಿದ್ದಕ್ಕೆ 10,000 ರೂಪಾಯಿ. ಇಷ್ಟನ್ನು ಪತ್ರಿಕೆಗಳಲ್ಲಿ ಎಲ್ಲರೂ ಓದಿರುತ್ತಾರೆ. ಓದದೆ ಬಿಡುವುದು ಅದರ ಪಕ್ಕದಲ್ಲಿರುವ ಷರತ್ತನ್ನು: ಈ ಮೊತ್ತ, ಅಥವಾ ಒಂದು ಕಡೆಯ ಪ್ರಯಾಣದ ಮೂಲ ದರ ಮತ್ತು ಇಂಧನ ಶುಲ್ಕದ ಮೊತ್ತ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ನೀವು ಬೆಂಗಳೂರಿನಿಂದ ದೆಹಲಿಗೆ 6,800 ರೂಪಾಯಿಗೆ ಟಿಕೆಟ್ ಕೊಂಡಿದ್ದು, ಅದರಲ್ಲಿ ಮೂಲ ದರ 5,200 ರೂಪಾಯಿ, ಉಳಿದದ್ದು ಜಿಎಸ್‌ಟಿ, ವಿಮಾನ ನಿಲ್ದಾಣದ ಬಳಕೆದಾರರ ಶುಲ್ಕ ಇತ್ಯಾದಿ ಎಂದಿಟ್ಟುಕೊಳ್ಳಿ. ಆಗ ನಿಮಗೆ ಸಲ್ಲುವ ಪರಿಹಾರ 10,000 ಅಲ್ಲ, 5,200. ಟಿಕೆಟ್ ಹಣ 6,800 ವಾಪಸ್ ಬರುವುದು ಇದಕ್ಕೆ ಪ್ರತ್ಯೇಕ. ಆದ್ದರಿಂದ ಅರ್ಜಿ ಬರೆಯುವ ಮೊದಲು ಟಿಕೆಟ್ಟಿನ ದರ ವಿವರ ಇರುವ ಪುಟವನ್ನು ತೆರೆದು, ಮೂಲ ದರವೆಷ್ಟು ಎಂದು ನೋಡಿಕೊಂಡು, ಸರಿಯಾದ ಅಂಕಿಯನ್ನೇ ಕೇಳಿ. ಹೆಚ್ಚು ಕೇಳಿದರೆ ಆ ಒಂದು ತಪ್ಪನ್ನೇ ಹಿಡಿದು ಇಡೀ ಅರ್ಜಿಯನ್ನು ಪಕ್ಕಕ್ಕೆ ಸರಿಸಲು ಅವಕಾಶ ಮಾಡಿಕೊಟ್ಟಂತಾಗುತ್ತದೆ.

ಎರಡನೆಯ ಸೂಕ್ಷ್ಮ ಇದಕ್ಕಿಂತ ಹೆಚ್ಚು ಹಣ ಕಳೆಯುವಂಥದ್ದು. ಇಂಥ ರದ್ದತಿಯಲ್ಲಿ ಕಂಪನಿಯು ಬೇರೆ ವಿಮಾನವನ್ನು ಕೊಡಬೇಕು, ಇಲ್ಲವೇ ಟಿಕೆಟ್ಟಿನ ಪೂರ್ತಿ ಹಣದ ಜೊತೆಗೆ ಪರಿಹಾರವನ್ನು ಕೊಡಬೇಕು ಎಂಬುದು ನಿಯಮದ ವಾಕ್ಯರಚನೆ. ಕೌಂಟರಿನಲ್ಲಿ ಕೊಟ್ಟ ಮುಂದಿನ ವಿಮಾನವನ್ನು ಮರುಮಾತಿಲ್ಲದೆ ಒಪ್ಪಿಕೊಂಡು ಊರು ಸೇರಿದವರು ಆಮೇಲೆ ಪರಿಹಾರ ಕೇಳಿದಾಗ, ‘ನಿಮಗೆ ಬೇರೆ ವಿಮಾನ ಕೊಟ್ಟಿದ್ದೇವಲ್ಲ’ ಎಂಬ ಉತ್ತರ ಬರುವುದು ಇದೇ ಕಾರಣಕ್ಕೆ. ಮದುವೆಗೋ ಪರೀಕ್ಷೆಗೋ ಹೊರಟವರಿಗೆ ಆಯ್ಕೆ ಇರುವುದಿಲ್ಲ, ಸಿಕ್ಕ ವಿಮಾನ ಹತ್ತಲೇಬೇಕು. ಆದರೆ ಮರುದಿನದ ವಿಮಾನವನ್ನು ಕೊಡುತ್ತಿದ್ದು, ನೀವು ವಂದೇ ಭಾರತ್ ರೈಲಿನಲ್ಲೋ ರಾತ್ರಿಯ ಸ್ಲೀಪರ್ ಬಸ್ಸಿನಲ್ಲೋ ಊರು ತಲುಪಬಲ್ಲಿರಾದರೆ, ಹಣ ವಾಪಸಾತಿಯನ್ನೂ ಪರಿಹಾರವನ್ನೂ ಕೇಳುವುದು ಲಾಭದಾಯಕ. ಬೇರೆ ವಿಮಾನವನ್ನು ಒಪ್ಪುವುದೇ ಆದರೆ, ಅದು ನನಗೆ ಅನುಕೂಲವಾದ ಸಮಯದ್ದಲ್ಲ, ಅನಿವಾರ್ಯವಾಗಿ ಒಪ್ಪುತ್ತಿದ್ದೇನೆ, ಇತರ ಹಕ್ಕುಗಳನ್ನು ಬಿಟ್ಟುಕೊಡುತ್ತಿಲ್ಲ ಎಂದು ಅಲ್ಲಿಂದಲೇ ಒಂದು ಇಮೇಲ್ ಕಳಿಸಿಬಿಡಿ. ಮುಂದೆ ಗ್ರಾಹಕ ಆಯೋಗದ ಮುಂದೆ ಹೋಗುವುದಿದ್ದರೆ ಆ ನಾಲ್ಕು ಸಾಲು ಉಪಯೋಗಕ್ಕೆ ಬರುತ್ತವೆ.

ಟಿಕೆಟ್ ಬುಕ್ ಮಾಡುವಾಗ ನಿಮ್ಮ ಫೋನ್ ನಂಬರ್ ಅಥವಾ ಇಮೇಲ್ ಸರಿಯಾಗಿ ಕೊಟ್ಟಿರದಿದ್ದರೆ ಪರಿಹಾರ ಸಿಗುವುದಿಲ್ಲ ಎಂದು ನಿಯಮವೇ ಹೇಳುತ್ತದೆ. ಟ್ರಾವೆಲ್ ಏಜೆಂಟರು ಪ್ರಯಾಣಿಕರ ನಂಬರಿನ ಬದಲು ತಮ್ಮ ಅಂಗಡಿಯ ನಂಬರನ್ನೇ ತುಂಬಿಸುವ ರೂಢಿ ಇರುವುದರಿಂದ ಈ ಮಾತು ಮುಖ್ಯ. ಟಿಕೆಟ್ ಕೈಗೆ ಬಂದ ದಿನವೇ ಕಂಪನಿಯ ವೆಬ್‌ಸೈಟಿನಲ್ಲಿ ಪಿಎನ್ಆರ್ ಹಾಕಿ ನಿಮ್ಮ ನಂಬರನ್ನು ಸೇರಿಸಿ.

ಸೀಟಿಲ್ಲ ಎಂದು ಬಿಟ್ಟು ಹೋದಾಗ

ಕಂಪನಿಗಳು ಇರುವ ಸೀಟಿಗಿಂತ ಹೆಚ್ಚು ಟಿಕೆಟ್ ಮಾರುವುದು ನಿಷಿದ್ಧವಲ್ಲ. ಎಲ್ಲರೂ ಬಂದುಬಿಟ್ಟರೆ ಮೊದಲು ಸ್ವಇಚ್ಛೆಯಿಂದ ಸೀಟು ಬಿಟ್ಟುಕೊಡುವವರನ್ನು ಕೇಳಬೇಕು. ಯಾರೂ ಸಿಗದೆ ನಿಮ್ಮನ್ನು ನಿಮ್ಮ ಇಚ್ಛೆಗೆ ವಿರುದ್ಧವಾಗಿ ಬಿಟ್ಟುಹೋದರೆ ಪರಿಹಾರ ರದ್ದತಿಗಿಂತ ಧಾರಾಳವಾಗಿದೆ. ಮೂಲ ಸಮಯದಿಂದ ಒಂದು ಗಂಟೆಯೊಳಗೆ ಹೊರಡುವ ಬೇರೆ ವಿಮಾನ ಕೊಟ್ಟರೆ ಏನೂ ಇಲ್ಲ. 24 ಗಂಟೆಯೊಳಗಿನ ವಿಮಾನವಾದರೆ ಮೂಲ ದರ ಮತ್ತು ಇಂಧನ ಶುಲ್ಕದ ಎರಡು ಪಟ್ಟು, ಗರಿಷ್ಠ 10,000 ರೂಪಾಯಿ. ಅದಕ್ಕೂ ತಡವಾದರೆ ನಾಲ್ಕು ಪಟ್ಟು, ಗರಿಷ್ಠ 20,000. ಬೇರೆ ವಿಮಾನವೇ ಬೇಡವೆಂದರೆ ಟಿಕೆಟ್ಟಿನ ಪೂರ್ತಿ ಹಣದ ಜೊತೆಗೆ ಅದೇ ನಾಲ್ಕು ಪಟ್ಟು, ಅದೇ ಮಿತಿ. 4,000 ರೂಪಾಯಿ ಮೂಲ ದರದ ಟಿಕೆಟ್ಟಿದ್ದು ಐದು ಗಂಟೆಯ ನಂತರದ ವಿಮಾನ ಸಿಕ್ಕಿದರೆ 8,000 ರೂಪಾಯಿ ನಿಮ್ಮದು. ಇಲ್ಲಿ ಬೇರೆ ವಿಮಾನ ಹತ್ತಿದರೂ ಹಣ ಸಿಗುತ್ತದೆ ಎಂಬುದನ್ನು ಗಮನಿಸಿ. ಗೇಟಿನಲ್ಲಿ ‘ಸ್ವಇಚ್ಛೆಯಿಂದ ಒಪ್ಪಿದ್ದೇನೆ’ ಎಂಬ ಕಾಗದ ಮುಂದಿಟ್ಟರೆ ಓದದೆ ಸಹಿ ಹಾಕಬೇಡಿ, ತಾವಾಗಿಯೇ ಸೀಟು ಬಿಟ್ಟುಕೊಟ್ಟವರಿಗೂ ಬಲವಂತವಾಗಿ ಬಿಟ್ಟುಹೋದವರಿಗೂ ಲೆಕ್ಕ ಬೇರೆ.

‘ನಮ್ಮ ಕೈಮೀರಿದ ಕಾರಣ’ ಎಂಬ ಉತ್ತರ

ಎಲ್ಲ ನಿರಾಕರಣೆಗಳೂ ಕೊನೆಗೆ ಬಂದು ನಿಲ್ಲುವುದು ಇಲ್ಲಿ. ಪ್ರಕೃತಿ ವಿಕೋಪ, ಗಲಭೆ, ಪ್ರವಾಹ, ಸರ್ಕಾರದ ಆದೇಶ, ಮುಷ್ಕರ, ಹವಾಮಾನ, ಭದ್ರತಾ ಅಪಾಯ, ವಾಯು ಸಂಚಾರ ನಿಯಂತ್ರಣದ ತೊಡಕು ಮುಂತಾದ ಅಸಾಧಾರಣ ಸಂದರ್ಭಗಳಲ್ಲಿ ನಗದು ಪರಿಹಾರ ಕೊಡಬೇಕಾಗಿಲ್ಲ. ಡಿಸೆಂಬರ್, ಜನವರಿಯ ಬೆಳಗಿನ ಮಂಜಿನಲ್ಲಿ ಬೆಂಗಳೂರಿನಿಂದ ವಿಮಾನ ಏಳದಿದ್ದರೆ, ಜುಲೈ ಮಳೆಯಲ್ಲಿ ಬಜ್ಪೆಯ ಗುಡ್ಡದ ಮೇಲಿನ ರನ್‌ವೇಯಲ್ಲಿ ಇಳಿಯಲಾಗದೆ ವಿಮಾನ ಹಿಂದಿರುಗಿದರೆ, ಹಣ ಕೇಳುವುದು ವ್ಯರ್ಥ. ಆದರೆ ಊಟೋಪಚಾರದ ಹೊಣೆ ಬೇರೆಯೇ ವಿಷಯ. 2007ರ ಡಿಸೆಂಬರಿನಲ್ಲಿ ದೆಹಲಿಯ ಮಂಜಿನಿಂದಾಗಿ ಹೈದರಾಬಾದಿಗೆ ಹೊರಡಬೇಕಿದ್ದ ವಿಮಾನ ತಡವಾದ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. 2011ರಲ್ಲಿ ತೀರ್ಪು ಕೊಟ್ಟ ನ್ಯಾಯಾಲಯ, ಮಂಜಿನಿಂದಾದ ತಡಕ್ಕೆ ಕಂಪನಿ ಹೊಣೆಯಲ್ಲ ಎಂದು ಹೇಳಿತು. ಆದರೆ ಅಗ್ಗದ ದರದ ಕಂಪನಿಯೆಂಬ ಕಾರಣಕ್ಕೆ ಪ್ರಯಾಣಿಕರಿಗೆ ಕನಿಷ್ಠ ಸೌಲಭ್ಯ ಒದಗಿಸುವ ಕರ್ತವ್ಯದಿಂದ ನುಣುಚಿಕೊಳ್ಳಲಾಗದು ಎಂದೂ ಸ್ಪಷ್ಟಪಡಿಸಿತು.

ಸಿಬ್ಬಂದಿಯ ಕೊರತೆ, ಹಿಂದಿನ ವಿಮಾನ ಬಾರದಿರುವುದು, ಕಡಿಮೆ ಟಿಕೆಟ್ ಮಾರಾಟವಾದದ್ದು ಇವು ಕಂಪನಿಯ ಮನೆಯೊಳಗಿನ ಸಮಸ್ಯೆಗಳು ಎಂದು ವಾದಿಸಲು ಬಲವಾದ ಆಧಾರವಿದೆ. 2025ರ ಡಿಸೆಂಬರಿನ ಮೊದಲ ವಾರದಲ್ಲಿ, ಪೈಲಟ್‌ಗಳ ಕರ್ತವ್ಯ ಅವಧಿಯ ಹೊಸ ಮಿತಿಗಳಿಗೆ ಸಾಕಷ್ಟು ಸಿಬ್ಬಂದಿಯನ್ನು ಹೊಂದಿಸಲಾಗದೆ ಇಂಡಿಗೊ ಸಾವಿರಾರು ವಿಮಾನಗಳನ್ನು ರದ್ದುಪಡಿಸಿದಾಗ, ಹೊರಡುವ ಸಮಯಕ್ಕೆ 24 ಗಂಟೆಯೊಳಗೆ ರದ್ದಾದ ವಿಮಾನಗಳ ಪ್ರಯಾಣಿಕರಿಗೆ ನಿಯಮದಂತೆ 5,000ದಿಂದ 10,000 ರೂಪಾಯಿ ಪರಿಹಾರವನ್ನು ಕಂಪನಿಯೇ ಘೋಷಿಸಿತು. ತೀವ್ರ ತೊಂದರೆಗೊಳಗಾದವರಿಗೆ 10,000 ರೂಪಾಯಿಯ ವೋಚರ್ ಇದಕ್ಕೆ ಹೆಚ್ಚುವರಿಯಾಗಿತ್ತು.

ಹಾಗಾಗಿ ಕಾರಣವನ್ನು ಬಾಯಿಮಾತಿನಲ್ಲಿ ಕೇಳಿ ಸುಮ್ಮನಾಗಬಾರದು. ಕೌಂಟರಿನಲ್ಲಿ ಲಿಖಿತವಾಗಿ ಕೇಳಿ, ಇಲ್ಲವೆಂದರೆ ಕೇಳಿದ ಸಮಯವನ್ನೂ ಅವರು ಹೇಳಿದ ಮಾತನ್ನೂ ಬರೆದಿಟ್ಟುಕೊಳ್ಳಿ. ‘ಹವಾಮಾನ’ ಎಂದು ಹೇಳಿದ ಹೊತ್ತಿನಲ್ಲಿ ಬೇರೆ ಕಂಪನಿಗಳ ವಿಮಾನಗಳು ಅದೇ ಊರಿಗೆ ಹೊರಡುತ್ತಿದ್ದರೆ ನಿರ್ಗಮನ ಫಲಕದ ಫೋಟೊ ತೆಗೆಯಿರಿ. ಅದಕ್ಕಿಂತ ಒಳ್ಳೆಯ ಸಾಕ್ಷಿ ನಿಮಗೆ ಸಿಗಲಾರದು. ಬೋರ್ಡಿಂಗ್ ಪಾಸ್, ಊಟ, ಟ್ಯಾಕ್ಸಿ, ಹೋಟೆಲಿನ ಬಿಲ್ಲುಗಳು, ಅನಿವಾರ್ಯವಾಗಿ ಕೊಂಡ ಬೇರೆ ಟಿಕೆಟ್ಟಿನ ರಸೀದಿ ಎಲ್ಲವನ್ನೂ ಒಂದೇ ಕಡೆ ಇಡಿ.

ಅರ್ಜಿಯ ದಾರಿ

ಮೊದಲ ಪತ್ರ ಕಂಪನಿಗೇ ಹೋಗಬೇಕು, ಕಾಲ್ ಸೆಂಟರಿಗಲ್ಲ. ಪ್ರತಿ ಕಂಪನಿಯ ವೆಬ್‌ಸೈಟಿನಲ್ಲಿ ದೂರುಗಳನ್ನು ನೋಡಿಕೊಳ್ಳುವ ನೋಡಲ್ ಅಧಿಕಾರಿ ಮತ್ತು ಮೇಲ್ಮನವಿ ಅಧಿಕಾರಿಯ ಇಮೇಲ್ ವಿಳಾಸ ಇರುತ್ತದೆ, ಪುಟದ ತೀರ ಕೆಳಗೆ ಅಡಗಿಕೊಂಡಿದ್ದರೂ ಸರಿಯೆ. ಪಿಎನ್ಆರ್, ವಿಮಾನ ಸಂಖ್ಯೆ, ದಿನಾಂಕ, ನಿಗದಿತ ಮತ್ತು ನಿಜವಾದ ಸಮಯ, ಕಂಪನಿ ನಿಮಗೆ ತಿಳಿಸಿದ ಗಳಿಗೆ, ನೀವು ಕೇಳುವ ಮೊತ್ತ ಮತ್ತು ಅದರ ಲೆಕ್ಕ, ಆಧಾರವಾದ ನಿಯಮ, ಬ್ಯಾಂಕ್ ಖಾತೆಯ ವಿವರ ಇವಿಷ್ಟೂ ಒಂದು ಪುಟದೊಳಗೆ ಇರಲಿ. ಕೋಪವನ್ನು ಬರೆಯಬೇಡಿ, ಸಮಯಗಳನ್ನು ಬರೆಯಿರಿ. ಹದಿನೈದು ದಿನಗಳ ಗಡುವು ಕೊಡುವುದು ಸಮಂಜಸ. ವೋಚರ್ ಕೊಡುತ್ತೇವೆ ಎಂದರೆ ನೆನಪಿಡಿ: ಪರಿಹಾರವನ್ನು ನಗದಾಗಿ ಅಥವಾ ಬ್ಯಾಂಕ್ ವರ್ಗಾವಣೆಯ ಮೂಲಕ ಕೊಡಬೇಕು, ನೀವು ಸಹಿ ಹಾಕಿ ಒಪ್ಪಿದರೆ ಮಾತ್ರ ವೋಚರ್. ಟಿಕೆಟ್ಟನ್ನು ಏಜೆಂಟ್ ಅಥವಾ ಬುಕಿಂಗ್ ಆ್ಯಪ್ ಮೂಲಕ ಕೊಂಡಿದ್ದರೂ ಹಣ ವಾಪಸಾತಿಯ ಹೊಣೆ ವಿಮಾನ ಕಂಪನಿಯದೇ, ಏಕೆಂದರೆ ಏಜೆಂಟರು ಅದರ ಪ್ರತಿನಿಧಿಗಳು. ಇಬ್ಬರೂ ಪರಸ್ಪರ ಬೊಟ್ಟು ಮಾಡುವ ಆಟಕ್ಕೆ ಸಿಲುಕಬೇಡಿ.

ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ನಾಗರಿಕ ವಿಮಾನಯಾನ ಸಚಿವಾಲಯದ ‘ಏರ್‌ಸೇವಾ’ ಜಾಲತಾಣ ಅಥವಾ ಆ್ಯಪ್‌ನಲ್ಲಿ ದೂರು ದಾಖಲಿಸಿ. 2016ರಲ್ಲಿ ಆರಂಭವಾದ ಈ ವ್ಯವಸ್ಥೆಯಲ್ಲಿ ದೂರು ನೇರವಾಗಿ ಕಂಪನಿಯ ನೋಡಲ್ ಅಧಿಕಾರಿಗೆ ಹೋಗುತ್ತದೆ, ಸಚಿವಾಲಯದ ಕಣ್ಣಿಗೂ ಬೀಳುತ್ತದೆ. ವಾರಗಟ್ಟಲೆ ಕದಲದ ಹಣ ಇಲ್ಲಿ ದೂರು ಹಾಕಿದ ಮೇಲೆ ಖಾತೆಗೆ ಬರುವುದುಂಟು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇನ್ನೊಂದು ದಾರಿ. ಇವೆರಡಕ್ಕೂ ಆದೇಶ ಹೊರಡಿಸುವ ಅಧಿಕಾರವಿಲ್ಲ, ಆದರೆ ಇಲ್ಲಿಯ ದೂರು ಸಂಖ್ಯೆ ಮುಂದಿನ ಹಂತಕ್ಕೆ ದಾಖಲೆಯಾಗುತ್ತದೆ.

ಮುಂದಿನ ಹಂತವೆಂದರೆ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಯಾಣಿಕರಿಗೆ ಮಾಡಿಕೊಟ್ಟ ದೊಡ್ಡ ಅನುಕೂಲವೆಂದರೆ, ಕಂಪನಿಯ ಕಚೇರಿ ಗುರುಗ್ರಾಮದಲ್ಲಿರಲಿ, ಮುಂಬೈಯಲ್ಲಿರಲಿ, ನೀವು ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು. ವಿಜಯಪುರದವರು ವಿಜಯಪುರದಲ್ಲೇ, ಉಡುಪಿಯವರು ಉಡುಪಿಯಲ್ಲೇ. ಸೇವೆಗೆ ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಆನ್‌ಲೈನ್‌ನಲ್ಲಿ ‘ಇ-ಜಾಗೃತಿ’ ಜಾಲತಾಣದ ಮೂಲಕವೂ ಸಲ್ಲಿಸಬಹುದು. ಘಟನೆ ನಡೆದ ದಿನದಿಂದ ಎರಡು ವರ್ಷ ಕಾಲಾವಕಾಶ. ಇಲ್ಲಿ ಡಿಜಿಸಿಎ ಮಿತಿಗಳಾಚೆಗೂ ಕೇಳಬಹುದು: ಸೇವಾ ನ್ಯೂನತೆಗಾಗಿ, ಬೇರೆ ಟಿಕೆಟ್ಟಿಗೆ ಹೆಚ್ಚುವರಿಯಾಗಿ ತೆತ್ತ ಹಣಕ್ಕಾಗಿ, ಮಾನಸಿಕ ಯಾತನೆ ಮತ್ತು ವ್ಯಾಜ್ಯ ವೆಚ್ಚಕ್ಕಾಗಿ. ಕೇವಲ ತಡವಾದ ವಿಮಾನಕ್ಕೂ ಹಣದ ಬೇಡಿಕೆ ಇಡಬಹುದಾದ ಜಾಗ ಇದೇ. ಆದರೆ ತಡ ಕಂಪನಿಯ ನಿರ್ಲಕ್ಷ್ಯದಿಂದ ಆಯಿತು ಮತ್ತು ನಿಮಗೆ ನಷ್ಟವಾಯಿತು ಎಂಬುದನ್ನು ತೋರಿಸಬೇಕು. ಎರಡು ಸಾವಿರ ರೂಪಾಯಿಗಾಗಿ ಇಷ್ಟು ದೂರ ಹೋಗಬೇಕೇ ಎಂಬುದು ನಿಮ್ಮ ತೀರ್ಮಾನ. ನನ್ನ ಮಟ್ಟಿಗೆ, ಕಂಪನಿಯು ಉತ್ತರವನ್ನೇ ಕೊಡದ ಪ್ರಕರಣಗಳಲ್ಲಿ ಹೋಗುವುದು ಸರಿ. ವಿಮಾನಯಾನ ಸಾರ್ವಜನಿಕ ಉಪಯುಕ್ತತಾ ಸೇವೆಯಾದ್ದರಿಂದ ಖಾಯಂ ಲೋಕ ಅದಾಲತ್ತಿನ ಬಾಗಿಲೂ ತೆರೆದಿದೆ.

ವಿದೇಶ ಪ್ರಯಾಣದಲ್ಲಿ

ಯುರೋಪಿನ ನಿಯಮ, 261/2004 ಸಂಖ್ಯೆಯದು, ಕನ್ನಡಿಗರಿಗೆ ಅನ್ವಯಿಸುವುದು ಅವರ ಪಾಸ್‌ಪೋರ್ಟ್ ನೋಡಿ ಅಲ್ಲ, ವಿಮಾನ ಎಲ್ಲಿಂದ ಹೊರಟಿತು, ಯಾರದು ಎಂಬುದನ್ನು ನೋಡಿ. ಐರೋಪ್ಯ ಒಕ್ಕೂಟದಿಂದ ಹೊರಡುವ ಯಾವುದೇ ಕಂಪನಿಯ ವಿಮಾನ, ಮತ್ತು ಒಕ್ಕೂಟದೊಳಕ್ಕೆ ಹೋಗುವ ಅಲ್ಲಿಯ ಕಂಪನಿಗಳ ವಿಮಾನ ಇದರ ವ್ಯಾಪ್ತಿಗೆ ಬರುತ್ತವೆ. ಬೆಂಗಳೂರಿನಿಂದ ಫ್ರಾಂಕ್‌ಫರ್ಟಿಗೆ ಲುಫ್ತಾನ್ಸಾದಲ್ಲಿ ಹೋದರೆ ಹಕ್ಕಿದೆ. ಫ್ರಾಂಕ್‌ಫರ್ಟಿನಿಂದ ದುಬೈ ಮೂಲಕ ಒಂದೇ ಟಿಕೆಟ್ಟಿನಲ್ಲಿ ಬೆಂಗಳೂರಿಗೆ ಗಲ್ಫ್ ಕಂಪನಿಯಲ್ಲಿ ಬಂದರೂ ಇದೆ, ಆದರೆ ಅದೇ ಕಂಪನಿಯಲ್ಲಿ ಬೆಂಗಳೂರಿನಿಂದ ಹೋಗುವಾಗ ಇಲ್ಲ. ಇಲ್ಲಿ ತಡಕ್ಕೂ ಹಣವಿದೆ: ಕೊನೆಯ ಊರನ್ನು ಮೂರು ಗಂಟೆ ಅಥವಾ ಹೆಚ್ಚು ತಡವಾಗಿ ತಲುಪಿದರೆ, 3,500 ಕಿಲೋಮೀಟರ್ ಮೀರಿದ ದೂರಕ್ಕೆ 600 ಯೂರೊ, ನಾಲ್ಕು ಗಂಟೆಯೊಳಗಿನ ತಡವಾದರೆ ಅರ್ಧಕ್ಕೆ ಇಳಿಸಬಹುದು. ವಿಮಾನದ ತಾಂತ್ರಿಕ ದೋಷ ಸಾಮಾನ್ಯವಾಗಿ ಅಸಾಧಾರಣ ಕಾರಣವಾಗುವುದಿಲ್ಲ ಎಂದು 2008ರಲ್ಲೇ ಐರೋಪ್ಯ ನ್ಯಾಯಾಲಯ ಹೇಳಿದೆ. ಬ್ರಿಟನ್ನಿನಲ್ಲಿ ಇದೇ ಬಗೆಯ ನಿಯಮವಿದ್ದು ದೂರದ ಹಾರಾಟಕ್ಕೆ ಮೊತ್ತ 520 ಪೌಂಡ್.

ಈ ಎರಡರ ವ್ಯಾಪ್ತಿಗೂ ಬಾರದ ಅಂತರರಾಷ್ಟ್ರೀಯ ಪ್ರಯಾಣಕ್ಕೆ 1999ರ ಮಾಂಟ್ರಿಯಲ್ ಒಪ್ಪಂದವಿದೆ. ಭಾರತ 2009ರಿಂದ ಅದಕ್ಕೆ ಬದ್ಧವಾಗಿದೆ. ಅದು ನಿಗದಿತ ಮೊತ್ತ ಕೊಡುವುದಿಲ್ಲ, ತಡದಿಂದ ನಿಜವಾಗಿ ಆದ ನಷ್ಟವನ್ನು ರಸೀದಿಗಳ ಸಮೇತ ತೋರಿಸಿದರೆ ಮಾತ್ರ ಒಂದು ಮಿತಿಯೊಳಗೆ ಕೊಡಿಸುತ್ತದೆ, ಎರಡು ವರ್ಷದೊಳಗೆ ದಾವೆ ಹೂಡಬೇಕು. ಅಮೆರಿಕದಲ್ಲಿ ನೆಲೆಸಿರುವವರು ತಿಳಿಯಬೇಕಾದದ್ದು ಇಷ್ಟೆ: ಅಲ್ಲಿ ತಡಕ್ಕೆ ನಗದು ಪರಿಹಾರದ ನಿಯಮವಿಲ್ಲ. ರದ್ದಾದ, ಅಥವಾ ದೇಶದೊಳಗೆ ಮೂರು ಗಂಟೆ, ಅಂತರರಾಷ್ಟ್ರೀಯವಾಗಿ ಆರು ಗಂಟೆ ತಡವಾದ ವಿಮಾನವನ್ನು ಹತ್ತದಿದ್ದರೆ ಟಿಕೆಟ್ ಹಣ ವಾಪಸ್ ಪಡೆಯಬಹುದು.

ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ ಕಡೆಯಿಂದ ಬೆಂಗಳೂರಿಗೆ ಬಂದು ವಿದೇಶಕ್ಕೆ ಹಾರುವವರು ಎರಡು ಪ್ರತ್ಯೇಕ ಟಿಕೆಟ್ ಕೊಳ್ಳುವುದು ಸಾಮಾನ್ಯ, ಅಗ್ಗವೂ ಹೌದು. ಆದರೆ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿಹೋದರೆ, ಮೇಲೆ ಹೇಳಿದ ಯಾವ ಪರಿಹಾರ ನಿಯಮವೂ ಆ ದುಬಾರಿ ಟಿಕೆಟ್ಟನ್ನು ರಕ್ಷಿಸುವುದಿಲ್ಲ. ಒಂದೇ ಪಿಎನ್ಆರ್‌ನಲ್ಲಿ ಕೊಂಡುಕೊಳ್ಳಿ, ಅದಾಗದಿದ್ದರೆ ಹಿಂದಿನ ದಿನವೇ ಬೆಂಗಳೂರು ಸೇರಿಕೊಳ್ಳಿ.

ಯುರೋಪಿನ ಪರಿಹಾರ ಕೊಡಿಸುತ್ತೇವೆ ಎನ್ನುವ ಜಾಲತಾಣಗಳು ಬಂದ ಹಣದಲ್ಲಿ ದೊಡ್ಡ ಪಾಲನ್ನು ಕಮಿಷನ್ನಾಗಿ ಹಿಡಿದುಕೊಳ್ಳುತ್ತವೆ. ಕಂಪನಿಯ ವೆಬ್‌ಸೈಟಿನಲ್ಲಿರುವ ಅರ್ಜಿ ನಮೂನೆಯನ್ನು ಮೊದಲು ನೀವೇ ತುಂಬಿ ನೋಡಿ, ಹತ್ತು ನಿಮಿಷದ ಕೆಲಸ. ಕಾಲಾವಕಾಶ ಮಾತ್ರ ದೇಶದಿಂದ ದೇಶಕ್ಕೆ ಬೇರೆ: ನೆದರ್ಲೆಂಡ್ಸ್‌ನಲ್ಲಿ ಎರಡು ವರ್ಷ, ಜರ್ಮನಿಯಲ್ಲಿ ಆ ವರ್ಷದ ಕೊನೆಯಿಂದ ಮೂರು ವರ್ಷ, ಇಂಗ್ಲೆಂಡಿನಲ್ಲಿ ಆರು ವರ್ಷ. ಕಳೆದ ವರ್ಷ ಮಗಳ ಮನೆಗೆ ಹೋಗಿ ಬರುವಾಗ ಮ್ಯೂನಿಕ್‌ನಲ್ಲಿ ಐದು ಗಂಟೆ ಕಾದವರ ಅರ್ಜಿಗೆ ಇನ್ನೂ ಸಮಯವಿದೆ.